ಹೊಗೆ ಮ್ಯಾಲ ಹೋಗ್ತದ, ಗ್ಯಾಸ್ ಕೆಳಗ ಕೂಡ್ತದ: ನಮ್ಮ ಒಲಿಗಳ ಇತಿಹಾಸ



ತೊಗರಿ ರಾಶಿ ಮುಗಿದದ. ಮೆಣಸಿನಕಾಯಿ ಕಣದಾಗ ಒಣಗಲಿಕ್ಕೆ ಬಿದ್ದಾವ. ಇನ್ನು ಊರಾಗ ಮದುವಿ, ಕುಬಸ, ಜಾತ್ರಿ, ಮನಿ ಶಾಂತಿ ಇವುಗಳ ಕಾಲ. ಯಾವಾಗಲೂ ಹೊಲದ ಟಿಪ್ಪಣಿ ಬರೆಯೋ ನಾನು ಈ ಸಲ ಅಡಿಗಿ ಮನಿ ಬಗ್ಗೆ ಬರೀಲಿಕ್ಕೆ ಕುಂತೀನಿ. ಅದಕ್ಕ ಕಾರಣ ಅದ. ಸ್ವಲ್ಪ ಉದ್ದ ಆಗ್ತದ, ಪುರುಸೊತ್ತು ಮಾಡಿಕೊಂಡು ಓದ್ರಿ, ಮನ್ಯಾಗಿನ ಹೆಣ್ಣುಮಕ್ಕಳಿಗೂ ಓದಿ ಹೇಳ್ರಿ.

ಹೋದ ವಾರ ನಮ್ಮ ಓಣ್ಯಾಗ ಒಂದು ಕಾರ್ಯ ಇತ್ತು. ಮನಿ ಹಿಂದ ತಗಡಿನ ಶೆಡ್ಡಿನಾಗ ಅಡಿಗಿ. ಎರಡು ಕಟಗಿ ಒಲಿ ಉರೀತಿದ್ವು, ಅವುಗಳಿಂದ ನಾಕು ಹೆಜ್ಜಿ ದೂರದಾಗ ಗ್ಯಾಸಿನ ದೊಡ್ಡ ಒಲಿ. ಸಿಲಿಂಡರ್ ಮುಗೀಲಿಕ್ಕೆ ಬಂದದ ಅಂತ ಅದನ್ನ ನೆಲದ ಮ್ಯಾಲ ಅಡ್ಡ ಮಲಗಿಸಿದ್ರು. "ತಮ್ಮಾ, ಇದನ್ನ ನೆಟ್ಟಗ ನಿಲ್ಲಸಪ್ಪ" ಅಂದೆ. ಅಡಿಗಿ ಮಾಡಾಂವ ನಕ್ಕ. "ಕಾಕಾ, ಹತ್ತು ವರ್ಷ ಆಯ್ತು ಹಿಂಗೇ ಮಾಡ್ತೀವಿ, ಏನಾಗ್ಯಾದ?" ಅಂದ. ನಾನೇ ಹೋಗಿ ಅದನ್ನ ನೆಟ್ಟಗ ನಿಲ್ಲಿಸಿ, ಊಟ ಮಾಡಿ ಬಂದೆ. ಆದ್ರ ಅವತ್ತು ರಾತ್ರಿ ನಿದ್ದಿ ಹತ್ತಲಿಲ್ಲ.

ಏನಾಗ್ಯಾದ ಅಂತ ನಮ್ಮ ತಾಲೂಕಿನವರು ಕೇಳಬಾರದು. 2022ರ ಫೆಬ್ರುವರಿ 25ರಂದು ನಮ್ಮ ಶಹಾಪುರ ತಾಲೂಕಿನ ದೋರನಹಳ್ಳಿಯಲ್ಲಿ ಒಂದು ಮನೆಯಲ್ಲಿ ಸೀಮಂತ ಕಾರ್ಯಕ್ರಮ ಇತ್ತು. ಬಳಗದವರು, ಓಣಿಯವರು ಸೇರಿದ್ದರು, ಅಡುಗೆ ನಡೆದಿತ್ತು. ಸಿಲಿಂಡರಿನಿಂದ ಗ್ಯಾಸ್ ಸೋರಿ ಬೆಂಕಿ ಹತ್ತಿತು. ಇಪ್ಪತ್ತಕ್ಕೂ ಹೆಚ್ಚು ಜನ ಸುಟ್ಟುಕೊಂಡರು. ಗಾಯಗೊಂಡವರನ್ನು ಕಲಬುರಗಿಗೆ ಸಾಗಿಸಿದರು. ಮುಂದಿನ ದಿನಗಳಲ್ಲಿ ಒಬ್ಬೊಬ್ಬರಾಗಿ ಹೋದರು. ಸತ್ತವರು ಹತ್ತಕ್ಕೂ ಹೆಚ್ಚು ಜನ, ಅವರಲ್ಲಿ ಮಕ್ಕಳೂ ಇದ್ದರು. ಹುಟ್ಟೋ ಕೂಸಿಗೆ ಹರಸಲಿಕ್ಕೆ ಬಂದವರು ಅವರು. ಆ ದಿನಗಳಲ್ಲಿ ಪ್ರತಿ ಮುಂಜಾನೆ ಪೇಪರ್ ತೆಗೆದರೆ ಸಾವಿನ ಲೆಕ್ಕ ಒಂದೋ ಎರಡೋ ಏರಿರುತ್ತಿತ್ತು. ಅದನ್ನ ಓದಿದ ನಾವೇ ಮತ್ತ ಸಿಲಿಂಡರ್ ಅಡ್ಡ ಮಲಗಿಸ್ತೀವಿ.

ಯಾಕ ಹಿಂಗ ಅಂತ ವಿಚಾರ ಮಾಡಿದೆ. ನಮ್ಮ ಜನ ದಡ್ಡರಲ್ಲ. ಬೆಂಕಿ ಜೋಡಿ ಸಾವಿರ ವರ್ಷ ಬಾಳ್ವಿ ಮಾಡಿದವರು. ಆದ್ರ ನಾವು ಕಲಿತದ್ದು ಬ್ಯಾರೆ ಬೆಂಕಿ ಹತ್ರ. ಈಗ ಮನ್ಯಾಗ ಇರೋದು ಬ್ಯಾರೆ ಬೆಂಕಿ. ಹಳೇ ಬೆಂಕಿಯ ಬುದ್ಧಿ ಹೊಸ ಬೆಂಕಿಗೆ ಹತ್ತೋದಿಲ್ಲ. ಇದು ತಿಳೀಬೇಕಂದ್ರ ನಮ್ಮ ಒಲಿಗಳ ಇತಿಹಾಸ ಸ್ವಲ್ಪ ನೋಡಬೇಕು.

ನಾನು ಹುಟ್ಟಿದ ಮನಿ ಕಲ್ಲು ಮಣ್ಣಿನದು. ಮ್ಯಾಲ ಜಂತಿ, ಮಾಳಗಿ. ಅಡಿಗಿ ಮನ್ಯಾಗ ಒಲಿ ಮ್ಯಾಲ ಸರಿಯಾಗಿ ಒಂದು ಗವಾಕ್ಷಿ. ಮಳಿ ಬಂದ್ರ ಅದರ ಮ್ಯಾಲ ಗಡಿಗಿ ಬೋಕಿ ಮುಚ್ಚತಿದ್ವಿ. ಒಲಿಗೆ ತೊಗರಿ ಕಟಗಿ, ಕುಳ್ಳು. ನಾರಾಯಣಪುರದ ಕಾಲುವಿ ನೀರು ಬಂದ ಮ್ಯಾಲ ಹತ್ತಿ ಕಟಗಿ. ಹೊಗಿ ಗವಾಕ್ಷಿ ಹಿಡಿದು ಮ್ಯಾಲ ಹೋಗ್ತಿತ್ತು. ಅರ್ಧ ಹೊಗಿ ಅವ್ವನ ಕಣ್ಣಾಗ, ಎದಿಯಾಗ ಹೋಗ್ತಿತ್ತು, ಅದು ಬ್ಯಾರೆ ಮಾತು. ಆ ಒಲಿಯ ಅಪಾಯ ಕಣ್ಣಿಗೆ ಕಾಣ್ತಿತ್ತು. ಕಿಡಿ ಕಾಣ್ತದ, ಉರಿ ಕಾಣ್ತದ, ಹೊಗಿ ಕಾಣ್ತದ. ಮ್ಯಾಲ ಕಿಂಡಿ ಇದ್ರ ಸಾಕು, ಮನಿ ಸುರಕ್ಷಿತ. ಬೆಂಕಿ ಆರಿದ್ರ ಅಪಾಯ ಮುಗೀತು. ಈ ಮೂರು ಪಾಠ ನಮ್ಮ ರಕ್ತದಾಗ ಇಳಿದಾವ: ಅಪಾಯ ಕಾಣ್ತದ, ಅದು ಮ್ಯಾಲ ಹೋಗ್ತದ, ಬೆಂಕಿ ಆರಿದ್ರ ಮುಗೀತು. ಗ್ಯಾಸಿನ ವಿಷಯದಾಗ ಈ ಮೂರೂ ತಪ್ಪು.

ಆಮೇಲೆ ಸೀಮಿಎಣ್ಣಿ ಸ್ಟೋ ಬಂತು. ರೇಷನ್ನಿನ ಎಣ್ಣಿ, ಬತ್ತಿ ಸ್ಟೋ ಕೆಲವರ ಮನ್ಯಾಗ, ಪಂಪ್ ಹೊಡಿಯೋದು ಕೆಲವರ ಮನ್ಯಾಗ. "ಸ್ಟೋ ಸಿಡಿದು ಸೊಸಿ ಸತ್ತಳು" ಅನ್ನೋ ಸುದ್ದಿ ಆಗ ಪೇಪರಿನಾಗ ಬರ್ತಿತ್ತು. ಅದರಾಗ ಸ್ಟೋ ಮಾಡಿದ್ದೆಷ್ಟು, ಮನುಷ್ಯರು ಮಾಡಿದ್ದೆಷ್ಟು ಆ ದೇವರಿಗೇ ಗೊತ್ತು. ಆದ್ರ ಸೀಮಿಎಣ್ಣಿ ಸೋರಿದ್ರ ನೆಲ ಹಸಿ ಆಗ್ತದ, ಕೈಗೆ ಹತ್ತತದ. ಅದೂ ಕಾಣೋ ಅಪಾಯನೇ.

ಗ್ಯಾಸ್ ಅನ್ನೋ ಮಾತು ನಮ್ಮ ಹಳ್ಳಿಗಳಿಗೆ ಮೊದಲು ಬಂದದ್ದು ಗೋಬರ್ ಗ್ಯಾಸಿನ ರೂಪದಾಗ. ಖಾದಿ ಗ್ರಾಮೋದ್ಯೋಗ ಆಯೋಗ 1960ರ ದಶಕದಿಂದ ಅದನ್ನ ಪ್ರಚಾರ ಮಾಡ್ತಿತ್ತು. 1981ರ ಸುಮಾರಿಗೆ ಕೇಂದ್ರ ಸರ್ಕಾರದ ದೊಡ್ಡ ಯೋಜನೆ ಬಂದ ಮ್ಯಾಲ ದನ ಇದ್ದ ಗೌಡರ, ಕುಲಕರ್ಣಿಯವರ ಹಿತ್ತಲದಾಗ ಗುಂಡಿಗಳು ಬಂದ್ವು. ಗೋಬರ್ ಗ್ಯಾಸಿನಾಗ ಉರಿಯೋದು ಮೀಥೇನ್. ಅದು ಗಾಳಿಗಿಂತ ಹಗುರ. ಸೋರಿದ್ರೂ ಮ್ಯಾಲ ಏರಿ ಗವಾಕ್ಷಿ ಕಡಿಗೆ ಹೋಗ್ತದ. ಒತ್ತಡನೂ ಭಾಳ ಕಡಿಮಿ. ಹಂಗಾಗಿ ಗೋಬರ್ ಗ್ಯಾಸ್ ಕೂಡ ನಮ್ಮ ಹಳೇ ಬುದ್ಧಿಗೆ ಹೊಂದಿಕೊಂಡೇ ಇತ್ತು. "ಗ್ಯಾಸ್ ಅಂದ್ರ ಇಷ್ಟೇ" ಅಂತ ನಾವು ತಿಳಕೊಂಡ್ವಿ.

ಸಿಲಿಂಡರ್ ಗ್ಯಾಸಿನ ಕಥಿ ಬ್ಯಾರೆ. ನಮ್ಮ ದೇಶದಾಗ ಅದು ಶುರು ಆದದ್ದು 1955ರಾಗ, ಮುಂಬೈಯಲ್ಲಿ. ಬರ್ಮಾ ಶೆಲ್ ಅನ್ನೋ ವಿದೇಶಿ ಕಂಪನಿ ಬರ್ಶೇನ್ ಅನ್ನೋ ಹೆಸರಿನಲ್ಲಿ ಮಾರ್ತಿತ್ತು. ಇಂಡಿಯನ್ ಆಯಿಲ್ ತನ್ನ ಇಂಡೇನ್ ಗ್ಯಾಸಿನ ಮೊದಲ ಸಂಪರ್ಕ ಕೊಟ್ಟಿದ್ದು 1965ರ ಅಕ್ಟೋಬರ್ 22ರಂದು, ಕೋಲ್ಕತ್ತಾದಲ್ಲಿ. 1974ರಿಂದ 1976ರ ನಡುವೆ ಎಸ್ಸೊ, ಬರ್ಮಾ ಶೆಲ್ ಕಂಪನಿಗಳು ಸರ್ಕಾರದ ಕೈಗೆ ಬಂದ್ವು, ಅವೇ ಇವತ್ತಿನ ಎಚ್‌ಪಿ, ಭಾರತ್ ಗ್ಯಾಸ್. ಆದ್ರೂ ಭಾಳ ವರ್ಷ ಗ್ಯಾಸ್ ಅಂದ್ರ ಪ್ಯಾಟಿಯವರದು, ನೌಕರಿ ಮಂದಿದು. ನಮ್ಮ ಯಾದಗಿರಿ, ಶಹಾಪುರ, ಸುರಪುರ ಆಗ ಗುಲ್ಬರ್ಗಾ ಜಿಲ್ಲೆಯಲ್ಲಿ ಇದ್ದವು. ಯಾದಗಿರಿ ಜಿಲ್ಲೆ ಆಗಿದ್ದೇ 2009ರ ಡಿಸೆಂಬರ್ 30ಕ್ಕೆ. ನನಗೆ ನೆನಪಿದ್ದ ಹಂಗ ನಮ್ಮ ಊರಾಗ ಮೊದಲ ಸಿಲಿಂಡರ್ ಬಂದದ್ದು ಸಾಲಿ ಮಾಸ್ತರರ ಮನಿಗೆ. ನಾವು ಹುಡುಗರು ಬಾಗಲಾಗ ನಿಂತು ಆ ನೀಲಿ ಉರಿ ನೋಡಿ ಬರ್ತಿದ್ವಿ.

ಹಳ್ಳಿಗೆ ಗ್ಯಾಸ್ ಹೊಳಿ ಬಂದ ಹಂಗ ಬಂದದ್ದು ಉಜ್ವಲ ಯೋಜನೆಯಿಂದ. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಶುರು ಆಯ್ತು. 2019ರ ಸೆಪ್ಟೆಂಬರ್ ಹೊತ್ತಿಗೆ ದೇಶದಾಗ 8 ಕೋಟಿ ಸಂಪರ್ಕ ಕೊಟ್ಟಿದ್ರು. ನಮ್ಮ ರಾಜ್ಯ ಸರ್ಕಾರದ ಅನಿಲ ಭಾಗ್ಯನೂ ಅದರ ಹಿಂದೆನೇ ಬಂತು. ಇದು ದೊಡ್ಡ ಪುಣ್ಯದ ಕೆಲಸ, ನಾನು ಇಲ್ಲ ಅನ್ನಲ್ಲ. ನನ್ನ ಅವ್ವ ಜೀವನಪೂರ್ತಿ ಹೊಗಿ ಕುಡಿದಳು, ನನ್ನ ಸೊಸಿ ಕುಡಿಯೋದಿಲ್ಲ. ಆದ್ರ ಲೆಕ್ಕ ನೋಡ್ರಿ: ಮುಂಬೈಯವರು ಅರವತ್ತು ವರ್ಷದಾಗ ಕಲಿತದ್ದನ್ನ ನಾವು ಮೂರು ವರ್ಷದಾಗ ಕಲೀಬೇಕಾಯ್ತು. ಸಿಲಿಂಡರ್ ಮನಿಗೆ ಬಂತು, ಅದರ ಅಂಜಿಕಿ ಹೆಂಗಿರಬೇಕು ಅನ್ನೋದು ಬರಲಿಲ್ಲ.

ಈಗ ಈ ಹೊಸ ಬೆಂಕಿಯ ಗುಣ ಹೇಳ್ತೀನಿ. ಸಿಲಿಂಡರಿನಾಗ ಇರೋದು ಪ್ರೊಪೇನ್, ಬ್ಯುಟೇನ್ ಅನ್ನೋ ಎರಡು ಅನಿಲ. ಒತ್ತಿ ಒತ್ತಿ ನೀರಿನಂಗ ಮಾಡಿ ತುಂಬಿರ್ತಾರ. ಸಿಲಿಂಡರ್ ಅಲ್ಲಾಡಿಸಿದ್ರ ಒಳಗ ಕುಲುಕೋದು ಅದೇ. ಹೊರಗ ಬಂದ್ರ ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಗ್ಯಾಸ್ ಆಗ್ತದ. ಅದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಮ್ಯಾಲ ಹೋಗಂಗಿಲ್ಲ, ನೀರು ಹರಿದಂಗ ನೆಲ ಹಿಡಿದು ಹರೀತದ, ತಗ್ಗಿನಾಗ ಕೂಡ್ತದ. ಬಚ್ಚಲ ಮೋರಿ, ಒಂದು ಮೆಟ್ಟಲು ಕೆಳಗಿರೋ ಅಡಿಗಿ ಮನಿ, ಮಂಚದ ಕೆಳಗ, ಚೀಲ ಒಟ್ಟಿದ ಮೂಲಿ ಇವೆಲ್ಲ ಅದರ ಜಾಗ. ಗಾಳಿಯ ನೂರು ಪಾಲಿನಾಗ ಸುಮಾರು ಎರಡು ಪಾಲು ಗ್ಯಾಸ್ ಸೇರಿದ್ರ ಸಾಕು, ಒಂದು ಕಿಡಿಗೆ ಹೊತ್ತತದ.

ನಾವು ಎಕರೆ, ಕ್ವಿಂಟಾಲ್ ಲೆಕ್ಕ ಹಾಕೋ ಮಂದಿ, ಇದನ್ನೂ ಹಾಕಿ ನೋಡೋಣ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣಿಯಾಗ ಸುಮಾರು 28,000 ಲೀಟರ್ ಗಾಳಿ ಇರ್ತದ. ಅದರ ನೂರಕ್ಕ ಎರಡು ಪಾಲು ಅಂದ್ರ 560 ಲೀಟರ್ ಗ್ಯಾಸ್. ಅಷ್ಟಕ್ಕ ಬೇಕಾಗೋ ದ್ರವ ಎರಡು ಲೀಟರಿಗೆ ಸ್ವಲ್ಪ ಹೆಚ್ಚು, ತೂಕದಾಗ ಒಂದು ಕಿಲೋ ಚಿಲ್ಲರೆ. ನಮ್ಮ ಮನಿ ಸಿಲಿಂಡರಿನಾಗ 14.2 ಕಿಲೋ ಇರ್ತದ. ಮತ್ತ ಗ್ಯಾಸ್ ಕೋಣಿ ತುಂಬ ಸಮ ಹರಡೋದಿಲ್ಲ, ನೆಲಕ್ಕ ಕೂಡ್ತದ. ಹಂಗಾಗಿ ಒಂದು ಕಿಲೋನೂ ಬೇಕಾಗಿಲ್ಲ. ಸಿಲಿಂಡರ್ ಅಡ್ಡ ಮಲಗಿಸಬಾರದು ಅಂತ ಹೇಳೋದೂ ಇದಕ್ಕೇ. ನೆಟ್ಟಗ ನಿಂತಾಗ ಮ್ಯಾಲಿನ ಗ್ಯಾಸ್ ಅಷ್ಟೇ ಪೈಪಿಗೆ ಬರ್ತದ. ಮಲಗಿಸಿದ್ರ ದ್ರವಾನೇ ಬರ್ತದ, ಒಂದಕ್ಕ 250 ಆಗ್ತದ. ರೆಗ್ಯುಲೇಟರ್ ಅದಕ್ಕಂತ ಮಾಡಿದ್ದಲ್ಲ.

ನಮ್ಮ ಹಿರಿಯರಿಗೆ ಇಂಥ ಭಾರದ ಗಾಳಿ ಗೊತ್ತೇ ಇರಲಿಲ್ಲ ಅಂತಲ್ಲ. ಹಗೇವು ನೆನಪದ ಏನು? ಓಣ್ಯಾಗ, ಮನಿ ಮುಂದ ನೆಲದಾಗ ತೋಡಿ, ಹುಲ್ಲು ಹಾಸಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತತಿದ್ರು. ಹಗೇವು ತೆಗೆದ ದಿನ ಯಾರೂ ಒಳಗ ಇಳೀತಿರಲಿಲ್ಲ. ಬಾಯಿ ತೆಗೆದು ಬಿಟ್ಟು, ಮರುದಿನ ಕಂದೀಲು ಹಗ್ಗಕ್ಕ ಕಟ್ಟಿ ಇಳಿಬಿಡ್ತಿದ್ರು. ದೀಪ ಆರಿದ್ರ ಇನ್ನೂ ಕಾವು ಅದ, ಇಳೀಬ್ಯಾಡ್ರಿ ಅಂತಿದ್ರು. ಜೋಳ ಒಳಗ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಟ್ಟಿರ್ತದ, ಅದು ಗಾಳಿಗಿಂತ ಭಾರ, ತಗ್ಗಿನಾಗ ಕೂಡ್ತದ. ಅದನ್ನ ತಿಳೀದೆ ಇಳಿದವರು ಮ್ಯಾಲ ಬರ್ತಿರಲಿಲ್ಲ. ಇಂಥ ಕೆಟ್ಟ ಗಾಳಿ ತಗ್ಗಿನಾಗ ಕೂಡ್ತದ ಅನ್ನೋ ಬುದ್ಧಿ ನಮ್ಮ ಹಿರಿಯರದು. ಗ್ಯಾಸಿಗೂ ಅದೇ ಬುದ್ಧಿ ಬೇಕು. ಆದ್ರ ಒಂದೇ ಒಂದು ಫರಕ್ ಅದ, ಅದರಾಗೇ ಜೀವ ಅದ. ಹಗೇವಿನ ಗಾಳಿ ದೀಪ ಆರಿಸ್ತದ. ಗ್ಯಾಸಿಗೆ ದೀಪ ತೋರಿಸಿದ್ರ ಅದು ಮನಿನೇ ಹಚ್ಚತದ. ಗ್ಯಾಸ್ ಸೋರೋದನ್ನ ಕಡ್ಡಿ ಗೀರಿ ನೋಡೋರನ್ನ ನಾನೇ ಕಣ್ಣಾರೆ ಕಂಡೀನಿ. ದಯಮಾಡಿ ಅದನ್ನ ಬಿಡ್ರಿ.

ಹಂಗಾದ್ರ ಕಾಣದ ಗ್ಯಾಸ್ ಹೆಂಗ ತಿಳೀಬೇಕು? ಮೂಗಿಂದ. ಈ ವಾಸನಿಗೂ ಒಂದು ಇತಿಹಾಸ ಅದ. ಗ್ಯಾಸಿಗೆ ಹುಟ್ಟಿನಿಂದ ಹೆಚ್ಚುಕಡಿಮಿ ವಾಸನಿನೇ ಇಲ್ಲ. ಅಮೆರಿಕದ ಟೆಕ್ಸಾಸಿನಾಗ ನ್ಯೂ ಲಂಡನ್ ಅನ್ನೋ ಊರು. 1937ರ ಮಾರ್ಚ್ 18, ಮಧ್ಯಾಹ್ನ ಸಾಲಿ ಬಿಡೋ ಹೊತ್ತು. ಖರ್ಚು ಉಳಿಸಲಿಕ್ಕೆ ಆ ಸಾಲಿಯವರು ಎಣ್ಣಿ ಬಾವಿ ಪೈಪಿನಿಂದ ಗ್ಯಾಸ್ ತಗೊಂಡಿದ್ರು. ಅದು ಸೋರಿ ಕಟ್ಟಡದ ಕೆಳಗಿನ ಖಾಲಿ ಜಾಗದಾಗ ತುಂಬಿತ್ತು. ವಾಸನಿ ಇಲ್ಲದ್ದಕ್ಕ ಯಾರಿಗೂ ಗೊತ್ತಾಗಲಿಲ್ಲ. ಮಕ್ಕಳಿಗೆ ಕೆಲಸ ಕಲಿಸೋ ಕೋಣಿಯಾಗ ಮಾಸ್ತರರು ಒಂದು ಕರೆಂಟ್ ಮಶೀನಿನ ಸ್ವಿಚ್ ಹಾಕಿದ್ರು. ಅಷ್ಟೇ. ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು. ಅದಾದ ಮ್ಯಾಲ ಟೆಕ್ಸಾಸಿನವರು ಗ್ಯಾಸಿಗೆ ಕೆಟ್ಟ ವಾಸನಿ ಸೇರಿಸಲೇಬೇಕು ಅಂತ ಕಾನೂನು ಮಾಡಿದ್ರು. ಮುಂದ ಅದು ಎಲ್ಲಾ ಕಡಿಗೂ ಬಂತು. ನಮ್ಮ ಸಿಲಿಂಡರಿನಾಗ ಸೇರಿಸೋದು ಇಥೈಲ್ ಮರ್ಕ್ಯಾಪ್ಟನ್ ಅನ್ನೋ ವಸ್ತು. ಕೊಳೆತ ಉಳ್ಳಾಗಡ್ಡಿ, ಕೊಳೆತ ಕೋಸಿನ ವಾಸನಿ ಅಂತ ನಾವು ಮೂಗು ಮುಚ್ಚಿಕೊಳ್ಳೋದು ಅದೇ. ಗ್ಯಾಸ್ ಹೊತ್ತೋ ಪ್ರಮಾಣದ ಐದನೇ ಒಂದು ಪಾಲು ಇದ್ದಾಗಲೇ ಅದು ಮೂಗಿಗೆ ಬರೋ ಹಂಗ ಸೇರಿಸಿರ್ತಾರ. ಅಂದ್ರ ವಾಸನಿ ಬಂದಾಗ ಇನ್ನೂ ಸ್ವಲ್ಪ ಹೊತ್ತು ನಮ್ಮ ಕೈಯಾಗ ಅದ. ಆ ಹೊತ್ತನ್ನ ನಾವು ಹೆಂಗ ಬಳಸ್ತೀವಿ ಅನ್ನೋದರ ಮ್ಯಾಲ ಎಲ್ಲಾ ನಿಂತದ.

ನಾನು ಬಳಸಿದ ರೀತಿ ಹೇಳಿಬಿಡ್ತೀನಿ, ನಾಚಿಕಿ ಏನಿಲ್ಲ. 2019ರ ಮಳಿಗಾಲ. ಬೆಳಗಿನ ಜಾವ ನಾಕು ಗಂಟಿ ಇರಬೇಕು. ಮನಿಯಾಕಿ ನನ್ನ ಎಬ್ಬಿಸಿ "ಏನೋ ವಾಸನಿ" ಅಂದಳು. ಎದ್ದವನೇ ಕತ್ತಲಿನಾಗ ಲೈಟಿನ ಸ್ವಿಚ್ ಹುಡುಕಿದೆ. ಆಕಿ ನನ್ನ ಮುಂಗೈ ಹಿಡಿದು ಜಗ್ಗಿದಳು. "ಲೈಟ್ ಹಚ್ಚಬ್ಯಾಡ್ರಿ!" ಅಂದಳು. ಸಂಘದ ಸಭೆಯಾಗ ಯಾರೋ ಹೇಳಿದ್ದು ಆಕಿಗೆ ನೆನಪಿತ್ತು. ಎಸ್ಸೆಸ್ಸೆಲ್ಸಿ ತನಕ ವಿಜ್ಞಾನ ಓದಿದ ನನಗ ನೆನಪಿರಲಿಲ್ಲ. ಸ್ವಿಚ್ ಹಾಕಿದಾಗಲೂ ತೆಗೆದಾಗಲೂ ಒಳಗ ಸಣ್ಣ ಕಿಡಿ ಹಾರ್ತದ, ನ್ಯೂ ಲಂಡನ್ ಸಾಲಿಯಾಗ ಹಾರಿದ್ದೂ ಅಂಥದೇ ಕಿಡಿ. ಮಕ್ಕಳನ್ನ ಎತ್ತಿಕೊಂಡು ಹೊರಗ ಬಂದ್ವಿ, ಮುಂದಿನ ಹಿಂದಿನ ಬಾಗಲ ತೆಗೆದಿಟ್ವಿ. ನಾನು ಕತ್ತಲಿನಾಗ ಕೈ ಆಡಿಸಿ ರೆಗ್ಯುಲೇಟರ್ ಬಂದ್ ಮಾಡಿ ಬಂದೆ. ಹೊರಗ ನಿಂತು ಗ್ಯಾಸ್ ಕೊಡೋರಿಗೆ ಫೋನ್ ಹಚ್ಚಿದೆ, ಬೆಳಗಾಗೋ ತನಕ ಯಾರೂ ಎತ್ತಲಿಲ್ಲ. 1906 ಅನ್ನೋ ನಂಬರ್ ಅವತ್ತು ನನಗ ಗೊತ್ತಿರಲಿಲ್ಲ. ಗ್ಯಾಸ್ ಸೋರಿದ್ರ ಹಗಲು ರಾತ್ರಿ ಯಾವಾಗಲಾದ್ರೂ ಮಾಡೋ ಸಹಾಯವಾಣಿ ಅದು, 2016ರಿಂದಲೇ ಇತ್ತು.

ಬೆಳಕಾದ ಮ್ಯಾಲ ನೋಡಿದ್ರ ಕಳ್ಳ ಸಿಕ್ಕ. ತೊಗರಿ ಚೀಲ ಅಡಿಗಿ ಮನಿ ಪಕ್ಕ ಒಟ್ಟಿದ್ದೆ, ಇಲಿ ಬಂದಿದ್ವು. ಒಲಿ ಹಿಂದ ಪೈಪ್ ಕಡಿದಿದ್ವು. ಆ ಪೈಪ್ ಸಂತ್ಯಾಗ ಅಗ್ಗಕ್ಕ ಸಿಕ್ಕದ್ದು, ಬರೀ ರಬ್ಬರ್. ಕಂಪನಿಯ ಸುರಕ್ಷಾ ಪೈಪಿಗೆ ಒಳಗ ಉಕ್ಕಿನ ತಂತಿ ಹೆಣಿಗಿ ಇರ್ತದ, ಇಲಿ ಹಲ್ಲಿಗೆ ಸುಲಭಕ್ಕ ಬಗ್ಗೋದಿಲ್ಲ. ನೂರು ರೂಪಾಯಿ ಉಳಿಸಲಿಕ್ಕೆ ಹೋಗಿ ನಾನು ಆರು ಜೀವ ಪಣಕ್ಕ ಇಟ್ಟಿದ್ದೆ.

ಸಣ್ಣ ವಸ್ತು ಅಂತ ತಾತ್ಸಾರ ಮಾಡೋದು ನಮ್ಮೊಬ್ಬರ ರೋಗ ಅಲ್ಲ. 1968ರ ಮೇ 16ರಂದು ಇಂಗ್ಲೆಂಡಿನ ಲಂಡನ್ನಿನಾಗ ರೋನನ್ ಪಾಯಿಂಟ್ ಅನ್ನೋ 22 ಅಂತಸ್ತಿನ ಹೊಸ ಕಟ್ಟಡದಾಗ ಒಬ್ಬ ಹೆಣ್ಣುಮಗಳು ಮುಂಜಾನೆ ಚಾ ಮಾಡಲಿಕ್ಕೆ ಕಡ್ಡಿ ಗೀರಿದಳು. ಕಟ್ಟಡದ ಒಂದು ಮೂಲಿ ಮ್ಯಾಲಿಂದ ಕೆಳಗಿನ ತನಕ ಕುಸೀತು, ನಾಲ್ವರು ಸತ್ತರು. ತನಿಖಿ ಮಾಡಿದ್ರ ಸಿಕ್ಕದ್ದು ಏನು? ಒಲಿಗೆ ಗ್ಯಾಸ್ ಪೈಪ್ ಕೂಡಿಸೋ ಹಿತ್ತಾಳಿಯ ಒಂದು ಕಳಪೆ ನಟ್.

ಈಗ ನಾನು ಕಲಿತದ್ದನ್ನ ಸಾಲಾಗಿ ಹೇಳ್ತೀನಿ.

ವಾಸನಿ ಬಂದ ತಕ್ಷಣ: ಉರಿಯೋದನ್ನೆಲ್ಲ ಆರಿಸ್ರಿ, ದೇವರ ದೀಪ, ಊದಿನಕಡ್ಡಿ ಕೂಡ. ಕರೆಂಟಿನ ಯಾವ ಸ್ವಿಚ್ಚೂ ಮುಟ್ಟಬ್ಯಾಡ್ರಿ, ಹಾಕಲೂ ಬ್ಯಾಡ್ರಿ, ತೆಗೀಲೂ ಬ್ಯಾಡ್ರಿ. ಗ್ಯಾಸ್ ಹೊರಗ ಹೋಗಲಿ ಅಂತ ಫ್ಯಾನ್ ಹಾಕೋದು ಎಲ್ಲಕ್ಕಿಂತ ಕೆಟ್ಟ ಬುದ್ಧಿ. ಮೊಬೈಲು, ಬ್ಯಾಟರಿ ಒಳಗ ಬಳಸಬ್ಯಾಡ್ರಿ. ರೆಗ್ಯುಲೇಟರ್ ಬಂದ್ ಮಾಡ್ರಿ. ಬಾಗಲ ಪೂರ್ತಿ ತೆಗೀರಿ. ಗ್ಯಾಸ್ ನೆಲ ಹಿಡಿದು ಹೋಗ್ತದ, ಅದಕ್ಕ ಗವಾಕ್ಷಿಗಿಂತ ಹೊಸ್ತಿಲ ಮುಖ್ಯ. ಎಲ್ಲರೂ ಹೊರಗ ಬಂದು, ದೂರ ನಿಂತು 1906ಕ್ಕೆ ಫೋನ್ ಮಾಡ್ರಿ. ರೆಗ್ಯುಲೇಟರ್ ಬಂದ್ ಮಾಡಿದ ಮ್ಯಾಲೂ ಸುಂಯ್ ಅಂತ ಸಪ್ಪಳ ಬಂದ್ರ ರೆಗ್ಯುಲೇಟರ್ ತೆಗೆದು, ದಾರ ಕಟ್ಟಿದ ಆ ಪ್ಲಾಸ್ಟಿಕ್ ಮುಚ್ಚಳ ಗಟ್ಟಿ ಒತ್ತಿ ಕೂಡಿಸಿ, ಸಿಲಿಂಡರ್ ಬಯಲಿಗೆ ತಂದು ನಿಲ್ಲಿಸ್ರಿ. ಆ ಮುಚ್ಚಳ ಹುಡುಗರ ಆಟಕ್ಕ ಕೊಡೋದಲ್ಲ, ಸಿಲಿಂಡರಿಗೇ ನೇತಾಡ್ತಿರಬೇಕು. ಕೋಣಿ ಆಗಲೇ ವಾಸನಿ ತುಂಬಿ ಉಸಿರು ಕಟ್ಟೋ ಹಂಗ ಇದ್ರ ಇದ್ಯಾವುದಕ್ಕೂ ಒಳಗ ಹೋಗಬ್ಯಾಡ್ರಿ, ಜನರನ್ನ ದೂರ ಕರಕೊಂಡು ಹೋಗ್ರಿ.

ಎಲ್ಲಿ ಸೋರ್ತದ ಅಂತ ನೋಡೋದು: ಸಾಬೂನು ನೀರಿನಿಂದ ಮಾತ್ರ. ಬಟ್ಟಿ ತೊಳಿಯೋ ಪುಡಿ ಕದಡಿ ನೊರಿ ಮಾಡಿ, ರೆಗ್ಯುಲೇಟರ್ ಕೂಡೋ ಜಾಗ, ಪೈಪಿನ ಎರಡೂ ತುದಿ, ಪೈಪಿನ ಉದ್ದಕ್ಕ, ಒಲಿಯ ಕಿವಿ ಹತ್ರ ಹಚ್ಚರಿ. ಗುಳ್ಳಿ ಎದ್ದ ಜಾಗದಾಗ ಸೋರ್ತದ. ಹೊಸ ಸಿಲಿಂಡರ್ ಹಚ್ಚಿದಾಗಲೆಲ್ಲ ಇದನ್ನ ಮಾಡ್ರಿ, ಎರಡು ನಿಮಿಷದ ಕೆಲಸ. ಮನಿಯವರಿಗೆ ವಾಸನಿ ರೂಢಿ ಆಗಿಬಿಡ್ತದ, ನೆಗಡಿ ಬಂದವರಿಗೆ, ವಯಸ್ಸಾದವರಿಗೆ ತಿಳಿಯೋದಿಲ್ಲ. ಕೊರೋನಾ ಆದ ಮ್ಯಾಲ ಮೂಗು ಪೂರ್ತಿ ಬಾರದವರೂ ಅದಾರ. ಅನುಮಾನ ಇದ್ರ ಹೊರಗಿನಿಂದ ಬಂದವರನ್ನ ಕೇಳ್ರಿ.

ರಿಪೇರಿ: ಎಲ್ಲಕ್ಕಿಂತ ಸಾಮಾನ್ಯ ತಪ್ಪು ಸಿಲಿಂಡರ್ ಬಾಯಿಯೊಳಗಿನ ಕರಿ ರಬ್ಬರ್ ಉಂಗುರ. ಹರಿದಿರ್ತದ, ಇಲ್ಲಾ ಇರೋದೇ ಇಲ್ಲ. ಸಿಲಿಂಡರ್ ತಂದವರ ಎದುರಿಗೇ ಮುಚ್ಚಳ ತೆಗೆಸಿ, ಉಂಗುರ ನೋಡಿ, ಸೋರಿಕಿ ಪರೀಕ್ಷೆ ಮಾಡಿಸಿ, ತೂಕನೂ ಮಾಡಿಸಿ ತಗೊಳ್ರಿ, ಅದು ನಮ್ಮ ಹಕ್ಕು. ಪೈಪು ಐದು ವರ್ಷಕ್ಕ ಬದಲಿ ಮಾಡಬೇಕು, ಸೀಳು ಬಿಟ್ಟಿದ್ರ ಅವತ್ತೇ. ಪೈಪಿಗೆ ಟೇಪ್ ಸುತ್ತೋದು, ಉಂಗುರಕ್ಕ ಎಂಸೀಲ್ ಹಚ್ಚೋದು, ಸೈಕಲ್ ಟ್ಯೂಬ್ ಕಟ್ಟೋದು ರಿಪೇರಿ ಅಲ್ಲ. ಪಂಪ್‌ಸೆಟ್ಟು ಬಿಚ್ಚಿ ಕೂಡಿಸೋ ಕೈ ನಮ್ಮದು, ನನಗೂ ಗೊತ್ತು. ಆದ್ರ ರೆಗ್ಯುಲೇಟರ್, ವಾಲ್ವ್ ಬಿಚ್ಚೋ ಕೆಲಸ ಏಜೆನ್ಸಿ ಮೆಕ್ಯಾನಿಕ್‌ದು. ಸಿಲಿಂಡರ್ ಹಿಡಿಕಿ ಕೆಳಗಿನ ಪಟ್ಟಿ ಒಳಮೈಯಾಗ ಒಂದು ಅಕ್ಷರ, ಎರಡು ಅಂಕಿ ಬರೆದಿರ್ತದ. ಎ ಅಂದ್ರ ಮಾರ್ಚ್ ತನಕ, ಬಿ ಜೂನ್ ತನಕ, ಸಿ ಸೆಪ್ಟೆಂಬರ್ ತನಕ, ಡಿ ಡಿಸೆಂಬರ್ ತನಕ. ಬಿ-28 ಅಂತ ಇದ್ರ 2028ರ ಜೂನ್ ಒಳಗ ಆ ಸಿಲಿಂಡರ್ ಮತ್ತ ಪರೀಕ್ಷೆಗೆ ಹೋಗಬೇಕು. ಅವಧಿ ಮುಗಿದದ್ದು ಬಂದ್ರ ವಾಪಸ್ ಕಳಿಸ್ರಿ.

ಕಾರ್ಯ ಇದ್ದಾಗ: ದೋರನಹಳ್ಳಿ ನೆನಪಿಟ್ಟುಕೊಂಡು ಓದ್ರಿ. ಅಡಿಗಿ ಬಯಲಿನಾಗ ಇರಲಿ, ಮುಚ್ಚಿದ ಶೆಡ್ಡಿನಾಗ, ಶಾಮಿಯಾನದ ಒಳಗ ಬ್ಯಾಡ. ಕಟಗಿ ಒಲಿ ಮತ್ತ ಗ್ಯಾಸ್ ಒಂದೇ ಕಡಿ ಇಡಬ್ಯಾಡ್ರಿ. ಸಿಲಿಂಡರ್ ನೆಟ್ಟಗ, ಒಲಿಯಿಂದ ದೂರ. ಮುಗೀತಂತ ಮಲಗಿಸಬ್ಯಾಡ್ರಿ, ಬಿಸಿನೀರು ಸುರಿಯಬ್ಯಾಡ್ರಿ, ತಳಕ್ಕ ಉರಿ ಹಚ್ಚಬ್ಯಾಡ್ರಿ. ತುಂಬಿದ ಸಿಲಿಂಡರುಗಳು ಬ್ಯಾರೆ ಕಡಿ ಇರಲಿ. ಬದಲಿಸುವಾಗ ಸುತ್ತ ಇರೋ ಎಲ್ಲಾ ಉರಿ ಆರಿಸಿ ಬದಲಿಸ್ರಿ. ಹೆಣ್ಣುಮಕ್ಕಳು ಕೂಸುಗಳನ್ನ ಕಟ್ಟಿಕೊಂಡು ಅಡಿಗಿ ಜಾಗದಾಗ ಕೂಡಬಾರದು. ಎಲ್ಲಕ್ಕಿಂತ ಮೊದಲು, ಗ್ಯಾಸಿನ ಜವಾಬ್ದಾರಿ ಒಬ್ಬನೇ ಒಬ್ಬನಿಗೆ ಕೊಡ್ರಿ. ಹತ್ತು ಜನ ನೋಡಿಕೊಂಡ್ರ ಯಾರೂ ನೋಡಿಕೊಂಡಂಗ ಆಗೋದಿಲ್ಲ.

ಬೆಂಕಿ ಹತ್ತೇ ಬಿಟ್ರ: ರೆಗ್ಯುಲೇಟರ್ ಹತ್ರ ಸಣ್ಣ ಉರಿ ಇದ್ದು ಕೈಗೆ ಎಟಕೋ ಹಂಗಿದ್ರ, ನೀರಿನಾಗ ತೋಯಿಸಿದ ಗೋಣಿಚೀಲ ಹಾಕಿ ಬಂದ್ ಮಾಡ್ರಿ. ದೊಡ್ಡದಾಗಿದ್ರ ಶೂರತನ ಬ್ಯಾಡ, ಎಲ್ಲರೂ ಓಡ್ರಿ, 112 ಇಲ್ಲಾ 101ಕ್ಕೆ ಹಚ್ಚರಿ. ಸುಟ್ಟ ಗಾಯಕ್ಕ ಇಪ್ಪತ್ತು ನಿಮಿಷ ತಣ್ಣೀರು ಹರಿಸ್ರಿ. ಸುಣ್ಣ, ಟೂತ್‌ಪೇಸ್ಟ್, ಮಸಿ, ಎಣ್ಣಿ ಏನೂ ಹಚ್ಚಬ್ಯಾಡ್ರಿ. ಸ್ವಚ್ಛ ಬಟ್ಟಿ ಹೊದಿಸಿ ದವಾಖಾನಿಗೆ ಕರಕೊಂಡು ಹೋಗ್ರಿ.

ಇನ್ನೊಂದು ಮಾತು ಭಾಳ ಜನಕ್ಕ ಗೊತ್ತಿಲ್ಲ. ಗ್ಯಾಸ್ ಕಂಪನಿಗಳು ಗ್ರಾಹಕರ ಸಲುವಾಗಿ ವಿಮೆ ಮಾಡಿಸಿರ್ತಾವ, ನಾವು ಕಂತು ಕಟ್ಟಬೇಕಾಗಿಲ್ಲ. ಗ್ಯಾಸಿನ ಅಪಘಾತದಾಗ ಜೀವ ಹೋದ್ರ ಒಬ್ಬರಿಗೆ 6 ಲಕ್ಷ, ಚಿಕಿತ್ಸೆಗೆ ಒಬ್ಬರಿಗೆ 2 ಲಕ್ಷದ ತನಕ, ಮನಿ ಹಾನಿಗೆ 2 ಲಕ್ಷದ ತನಕ ಅಂತ ಅದ. ಕೂಡಲೇ ಏಜೆನ್ಸಿಗೂ ಪೊಲೀಸರಿಗೂ ಬರಹದಾಗ ತಿಳಿಸಬೇಕು, ಕಾಗದ ಪತ್ರ ಇಟ್ಟುಕೊಳ್ಳಬೇಕು. ಸಂಪರ್ಕ ನಮ್ಮ ಹೆಸರಿನಾಗ ಇದ್ದು, ಪೈಪು ಒಲಿ ಗುಣಮಟ್ಟದ್ದಿದ್ರ ಮಾತು ನಿಲ್ತದ. ಆದ್ರ ದುಡ್ಡು ಬಂದ್ರೂ ಮನುಷ್ಯ ಬರಂಗಿಲ್ಲ.

ಮತ್ತ ಅದೇ ಓಣಿಗೆ ಬರ್ತೀನಿ. ಬರೋ ಐತವಾರ ಅಲ್ಲಿ ಇನ್ನೊಂದು ಮನ್ಯಾಗ ಕುಬಸ ಅದ. ಅಡಿಗಿ ಮಾಡೋ ಹುಡುಗ ಅಂವನೇ. ನಾನು ನಿನ್ನೆ ಅವನ ಮನಿಗೆ ಹೋಗಿದ್ದೆ. ಜಗಳ ಮಾಡಲಿಲ್ಲ, ಹಗೇವಿನ ಕಥಿ ಹೇಳಿದೆ. ಅವನ ಅಜ್ಜನೂ ಹಗೇವಿಗೆ ಕಂದೀಲು ಇಳಿಬಿಟ್ಟಾಂವ. ಸುಮ್ಮನ ಕೇಳಿದ. "ಗ್ಯಾಸ್ ಕೆಳಗ ಕೂಡ್ತದ ಅಂತ ಯಾರೂ ಹೇಳಿರಲಿಲ್ಲ ಕಾಕಾ" ಅಂದ. ಐತವಾರ ಅಡಿಗಿ ಬಯಲಿನಾಗ ಹೂಡ್ತಾನಂತ. ನಾನು ಸಾಬೂನು ನೀರಿನ ಡಬ್ಬಿ ತಗೊಂಡು ಮುಂಜಾನೆನೇ ಹೋಗ್ತೀನಿ.

ನೀವು ಇವತ್ತು ರಾತ್ರಿ ಊಟ ಆದ ಮ್ಯಾಲ ಒಂದು ಕೆಲಸ ಮಾಡ್ರಿ. ನಿಮ್ಮ ಪೈಪಿನ ಮ್ಯಾಲಿನ ತಾರೀಖು ನೋಡ್ರಿ, ಅಡಿಗಿ ಮನಿ ಗ್ವಾಡಿ ಮ್ಯಾಲ ದೊಡ್ಡದಾಗಿ 1906 ಅಂತ ಬರೀರಿ, ಮಲಗೋ ಮುಂಚೆ ಒಲಿ ಕಿವಿ ಅಷ್ಟೇ ಅಲ್ಲ, ರೆಗ್ಯುಲೇಟರ್ ಬಂದ್ ಮಾಡ್ರಿ. ಮುಂದಿನ ಟಿಪ್ಪಣಿಯಾಗ ಹತ್ತಿ ಕಟಗಿ ಸುಡದೆ ಗೊಬ್ಬರ ಮಾಡೋದರ ಬಗ್ಗೆ ಬರೀತೀನಿ.